ಟಿಕೆಟ್ಟಿನ ಹಿಂದೆ ಬರೆದ ಚಿಲ್ಲರೆ

ಹಲ್ಲು ಹೋದದ್ದು ಗೊರೂರಿನ ತಿರುವಿನಲ್ಲಿ.
ಹಂದಿಯೊಂದು ಅಡ್ಡ ಬಂತು, ನಿಂಗರಾಜಣ್ಣ ಬ್ರೇಕ್ ಒತ್ತಿದ,
ಬಾಯಲ್ಲಿದ್ದ ಸೀಟಿ ಸಮೇತ ನಾನು ಕಂಬಿಗೆ.
ಅರಕಲಗೂಡಿನಲ್ಲಿ ಸೀಟಿ ಸಿಕ್ಕಿತು, ಡ್ರೈವರ್ ಸೀಟಿನ ಕೆಳಗೆ.
ಹಲ್ಲು ಸಿಗಲಿಲ್ಲ.

ಆಮೇಲೆ ಕೂರಿಸಿದ್ದು ಒಳ್ಳೆಯದೇ.
ಮೂಳೆಯೊಳಗೆ ತಿರುಪು, ತಿರುಪಿನ ಮೇಲೆ ಹಲ್ಲು,
ಪಕ್ಕದ್ದು ನಾಚುವಷ್ಟು ಬಿಳುಪು.
ವರ್ಷ ತಿರುಗುವುದರೊಳಗೆ ಒಸಡು ಮೇಲೆ ಸರಿಯಿತು,
ಅಕ್ಕಿಕಾಳಿನಷ್ಟು.
ಅಷ್ಟಕ್ಕೇ ಕಂಡಿತು ಒಳಗಿನ ಲೋಹದ ನೆರಳು,
ಪೆನ್ಸಿಲಿನಲ್ಲಿ ಗೀರಿ ಅರ್ಧ ಅಳಿಸಿದ ಹಾಗೆ.

ದವಡೆ ಹಲ್ಲಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ.
ಇದು ಬಾಗಿಲಲ್ಲಿ ನಿಂತ ಹಲ್ಲು,
ದಿನಕ್ಕೆ ಆರುನೂರು ಮುಖ ಇದರೆದುರು ಹತ್ತಿ ಇಳಿಯುತ್ತವೆ.
ಟಿಕೆಟ್ ಮಷೀನು ಮೂಗಿನವರೆಗೆ ಎತ್ತಿ ಹಿಡಿದು ಮಾತಾಡುವುದ ಕಲಿತೆ.
'ಶಿವನಂಜಮ್ಮ ಬಲು ಸಿಡುಕಿ' ಎಂದುಕೊಂಡರು
ಕಟ್ಟಾಯದಲ್ಲಿ ಹತ್ತುವ ಕಾಲೇಜು ಹುಡುಗಿಯರು.
ಕಡಲೆಯ ಗಾದೆ ಹೇಳಿದವರಿಗೆಲ್ಲ ಒಂದೊಂದು ಟಿಕೆಟ್ ಹರಿದಿದ್ದರೆ
ಹಾಸನ ಡಿಪೊ ಈ ವರ್ಷ ಲಾಭದಲ್ಲಿರುತ್ತಿತ್ತು.

ಸಾಲಗಾಮೆ ರಸ್ತೆಯ ಡಾಕ್ಟರ್ ತಸ್ನೀಮ್ ಪುಟ್ಟ ಕನ್ನಡಿ ತೂರಿಸಿ,
'ಹಲ್ಲು ಗಟ್ಟಿ ಇದೆ. ಒಸಡು ಬಡವಾಗಿದೆ' ಎಂದರು.
ಬಡವಾಗಿದೆ. ಆ ಮಾತು ನನಗೆ ಹಿಡಿಸಿತು.
ಹಣವಂತ ಅಳಿಯನ ಪಕ್ಕ
ಸವೆದ ಸೀರೆಯುಟ್ಟು ಕೂತ ಅತ್ತೆಯ ಹಾಗೆ.
'ಕಸಿ ಮಾಡೋಣ. ಅಂಗುಳದಿಂದ ಚೂರು ತೆಗೆದು ಮುಂದೆ ಹೊಲಿಯುತ್ತೇನೆ.'

ಮನೆಯ ಅಂಗಳ ಬೀದಿಗೆ ಮುಖ ಮಾಡಿರುತ್ತದೆ,
ದಿನಾ ನೀರು, ದಿನಾ ರಂಗೋಲಿ.
ಬಾಯಿಯ ಅಂಗುಳ ಯಾರೂ ನೋಡದ ಚಾವಣಿ.
ನಲವತ್ತೊಂದು ವರ್ಷ ಅದರ ಕೆಳಗೇ ಬದುಕಿದೆ,
ಬಿಸಿ ಸಾರು ಸುಟ್ಟ ದಿನ ಬಿಟ್ಟರೆ ಅದರ ನೆನಪಾದದ್ದಿಲ್ಲ.
ಈಗ ಅದಕ್ಕೂ ಬಂತು ನಾನು ದಿನಾ ಕೂಗುವ ಮಾತು:
ಹಿಂದಿನವರು ಸ್ವಲ್ಪ ಮುಂದೆ ಬನ್ನಿ.

ಸ್ವಂತ ಬಾಯಿಂದ ಸ್ವಂತ ಬಾಯಿಗೆ ಎರಡು ಬೆರಳಗಲದ ಪ್ರಯಾಣ,
ಹೆಂಗಸರ ಸೊನ್ನೆ ಟಿಕೆಟ್ ಎಂದುಕೊಂಡೆ.
ಬಿಲ್ಲು ಬೇರೆ ಹೇಳಿತು.
ಸೊಸೈಟಿ ಸಾಲ, ಹದಿನೆಂಟು ಕಂತು.

ಮರಗಟ್ಟಿದ ತುಟಿಯಾಚೆ ದಾರ ಹೋಗಿ ಬರುವುದು ಗೊತ್ತಾಗುತ್ತಿತ್ತು,
ನೋವಲ್ಲ, ಬರೀ ಎಳೆತ.
ಹರಿದ ಟಿಕೆಟ್ಟಿನ ಮೂಲೆಯಷ್ಟು ನಾನು
ಗಾಜಿನ ಬಟ್ಟಲಲ್ಲಿ ಎರಡು ನಿಮಿಷ ಹೊರಗಿದ್ದೆ.

ಹತ್ತು ದಿನ ತಣ್ಣನೆಯ ಅಂಬಲಿ.
ತುಟಿ ಎತ್ತಿ ನೋಡಬಾರದು. ತಿಂಗಳು ಸೀಟಿ ಊದಬಾರದು.
ಡ್ಯೂಟಿಗೆ ಬಂದ ಮೇಲೆ ಬಸ್ಸಿನ ತಗಡಿಗೆ ಅಂಗೈ ಬಡಿದೆ,
ಒಂದಕ್ಕೆ ನಿಲ್ಲು, ಎರಡಕ್ಕೆ ಹೊರಡು.
ನಿಂಗರಾಜಣ್ಣನಿಗೆ ಅಭ್ಯಾಸವಾಗುವಷ್ಟರಲ್ಲಿ ನಾಲ್ಕು ಸ್ಟಾಪು ತಪ್ಪಿದವು.
ನಾಲಿಗೆ ಮಾತ್ರ ಯಾರ ಮಾತೂ ಕೇಳಲಿಲ್ಲ,
ಮರೆತ ಚೀಲ ಹುಡುಕಿ ಬಂದವರಂತೆ
ಆ ಕಿತ್ತ ಜಾಗಕ್ಕೇ, ಮತ್ತೆ ಅಲ್ಲಿಗೇ.

ಈಗ ನೆರಳು ಮುಚ್ಚಿದೆ.
ಬಣ್ಣ ಇನ್ನೂ ಸ್ವಲ್ಪ ಪೇಲವ, ಹಳೆ ಲಂಗಕ್ಕೆ ಹಾಕಿದ ತೇಪೆ.
'ಹೊಂದಿಕೊಳ್ಳುತ್ತೆ, ಅವಸರ ಮಾಡಬೇಡಿ' ಎನ್ನುತ್ತಾರೆ ತಸ್ನೀಮ್.
ಹೊಂದದಿದ್ದರೂ ಇರಲಿ.
ನಿನ್ನೆ ಸೀಟಿ ಊದಿದೆ. ಗಾಳಿ ಸೋರಲಿಲ್ಲ.

ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂದೆ ಬರೆದುಕೊಡುತ್ತೇನೆ,
ಎಂಟು ರೂಪಾಯಿ, ಇಳಿಯುವಾಗ ಕೇಳಿ.
ಕೆಲವರು ಜಗಳವಾಡಿ ಪಡೆಯುತ್ತಾರೆ.
ಕೆಲವರು ಮರೆತು ಇಳಿದು, ದೂಳಿನಲ್ಲಿ ನಿಂತು
ನೆನಪಾಗಿ ಕೈ ಎತ್ತುವಾಗ ಬಸ್ಸು ಹೊರಟಿರುತ್ತದೆ.
ಅಂಗುಳ ತುಂಬಿಕೊಂಡಿದೆ. ಎಲ್ಲಿಂದ ತೆಗೆದರೆಂದು
ನಾಲಿಗೆಗೂ ಈಗ ತಿಳಿಯದು.
ರಾತ್ರಿ ಡಿಪೊದಲ್ಲಿ ದುಡ್ಡು ಎಣಿಸಿ ಕಟ್ಟುವಾಗ
ಅದರ ಬಾಕಿ ನೆನಪಾಗುತ್ತದೆ.
ಅದು ಮಾತ್ರ ಇನ್ನೂ ಕೇಳಲು ಬಂದಿಲ್ಲ.